ನೇಮಕದ ಮಾವ

ನನ್ನ ಪಾಂಡಿತ್ಯವೆಲ್ಲ ಯಾರಿಗೂ ಬೇಡವಾದ ಒಂದೇ ವಿಷಯದ ಮೇಲೆ ನಿಂತಿದೆ: ಮಲೇಷ್ಯಾದ ನಾಲ್ಕು ರಾಜ್ಯಗಳ ರಾಜ್ಯಪಾಲರು. ಮೈಸೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿಕೊಂಡಿದ್ದಾಗ ನನ್ನ ಗೈಡ್ ಇದನ್ನು ಪಿಎಚ್.ಡಿ.ಗೆಂದು ನನ್ನ ತಲೆಗೆ ಕಟ್ಟಿದರು. ಒಳ್ಳೊಳ್ಳೆಯ ವಿಷಯಗಳೆಲ್ಲ ಅವರಿಗೆ ಬೇಕಾದ ಹುಡುಗರಿಗೆ ಹೋಗಿ, ತಟ್ಟೆಯಲ್ಲಿ ಉಳಿದದ್ದು ನನಗೆ ಬಂತು. ಮಲೇಷ್ಯಾ ಎನ್ನುವುದು ರಾಜರಿರುವ ಒಕ್ಕೂಟ. ಹದಿಮೂರು ರಾಜ್ಯಗಳಲ್ಲಿ ಒಂಬತ್ತಕ್ಕೆ ವಂಶಪಾರಂಪರ್ಯದ ಅರಸರಿದ್ದಾರೆ. ಅವರು ತಮ್ಮೊಳಗೇ ಒಬ್ಬರನ್ನು ಐದು ವರ್ಷಕ್ಕೆ ದೇಶದ ದೊರೆಯಾಗಿ ಆರಿಸಿಕೊಳ್ಳುತ್ತಾರೆ. ಉಳಿದ ನಾಲ್ಕಕ್ಕೆ, ಅಂದರೆ ಪೆನಾಂಗ್, ಮಲಾಕಾ, ಸಬಾ, ಸರವಾಕ್‌ಗಳಿಗೆ ಅರಸುಮನೆತನವಿಲ್ಲ. ಅಲ್ಲಿ ಆ ದೊರೆ ನೇಮಿಸಿದ ರಾಜ್ಯಪಾಲರು ಕೂತಿರುತ್ತಾರೆ. ದೊಡ್ಡ ಬಂಗಲೆ, ಬ್ಯಾಂಡು, ಬಿರುದು ಹಂಚುವ ಸಮಾರಂಭ ಎಲ್ಲ ಉಂಟು. ಆಡಳಿತ ಮಾತ್ರ ಮುಖ್ಯಮಂತ್ರಿಯದು. ಮಂತ್ರಿಮಂಡಲ ತೋರಿಸಿದ ಕಡೆ ಅಂಕಿತ ಹಾಕುವುದು ರಾಜ್ಯಪಾಲರ ಕೆಲಸ.

ಆ ದೇಶಕ್ಕೆ ನಾನು ಹೋದದ್ದು ಒಂದೇ ಸಲ. ರಜೆ ಉಳಿಸಿಕೊಂಡು ಹೋಗಿ ಮಲಾಕಾದ ಗ್ರಂಥಾಲಯವೊಂದರಲ್ಲಿ ಕೂತು ಹಳೆಯ ಗೆಜೆಟ್‌ಗಳಿಂದ ಟಿಪ್ಪಣಿ ಬರೆದುಕೊಂಡು ಬಂದೆ. ನಾನಿದ್ದಾಗಲೇ ಅಲ್ಲಿಯ ನೌಕರನೊಬ್ಬ ಸ್ಟೂಲ್ ಹತ್ತಿ ಗೋಡೆಯ ಮೇಲಿದ್ದ ರಾಜ್ಯಪಾಲರ ಫೋಟೋ ಇಳಿಸಿದ. ಅವರ ಅವಧಿ ಮುಗಿದು ಹೊಸಬರ ಫೋಟೋ ಬಂದಿತ್ತು. ಇಳಿಸಿದ್ದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅಂಥದೊಂದು ಪ್ರಶ್ನೆ ಇದೆಯೆಂದೇ ಅವನಿಗೆ ಹೊಳೆದಿರಲಿಲ್ಲ, ಫೋಟೋ ಕಂಕುಳಲ್ಲಿ ಇಟ್ಟುಕೊಂಡೇ ಹೊಸದನ್ನು ಮೊಳೆಗೆ ತೂಗಿಹಾಕಿದ. ಇದನ್ನು ನಾನು ಪ್ರಬಂಧದಲ್ಲಿ ಅಡಿಟಿಪ್ಪಣಿಯಾಗಿ ಹಾಕಿದ್ದೆ. ಪರೀಕ್ಷಕರು ಅಪ್ರಸ್ತುತವೆಂದು ಹೊಡೆದುಹಾಕಿದರು.

ಪ್ರಬಂಧ ಅಚ್ಚಾಗಲಿಲ್ಲ. ನನ್ನ ಹೆಂಡತಿ ಅದರ ದಪ್ಪ ಬೈಂಡಿನ ಪ್ರತಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮೇಲೆ ಇಟ್ಟಿದ್ದಳು, ಮಡಿಕೆ ಚೆನ್ನಾಗಿ ಕೂರುತ್ತದೆಂದು. ಸಾಯುವವರೆಗೂ ಅವಳು ಅದರ ಮೊದಲ ಪುಟ ತಿರುಗಿಸಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಯಾರು ತಾನೇ ಓದುತ್ತಾರೆ? ನಮ್ಮ ಮಗ ಇಂಜಿನಿಯರಿಂಗ್ ಸೇರುವಾಗ ಅಪ್ಪನ ವಿಷಯ ಏನೆಂದು ಯಾರೋ ಕೇಳಿದ್ದಕ್ಕೆ 'ಪೊಲಿಟಿಕ್ಸ್' ಎಂದು ಹೇಳಿ ಮುಗಿಸಿದ್ದ.

ಎರಡು ಸಾವಿರದ ಇಪ್ಪತ್ತರ ಆರಂಭದಲ್ಲಿ ಕೆಲವು ತಿಂಗಳು ಇದ್ದು ಬರೋಣವೆಂದು ಮಗನ ಮನೆಗೆ, ಅಮೆರಿಕದ ಜಾರ್ಜಿಯಾ ರಾಜ್ಯದ ಸುವಾನಿಗೆ ಹೋದೆ. ಮಗ ಬ್ಯಾಂಕಿನ ಐಟಿ ಕೆಲಸದಲ್ಲಿದ್ದ, ಸೊಸೆ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ. ಅಲ್ಲೇ ಹುಟ್ಟಿದ ಮೊಮ್ಮಗಳಿಗೆ ಆಗ ಆರು ವರ್ಷ. ನಾನು ಹೋಗಿ ಸ್ವೆಟರ್ ಬಿಚ್ಚುವಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಅಲ್ಲಿ ಸಬ್‌ಡಿವಿಷನ್ ಎನ್ನುವ ಬಡಾವಣೆಯ ಆ ಮನೆಯಲ್ಲಿ ನಾಲ್ವರೂ ಬಂದಿಗಳಾದೆವು. ಮಗ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್, ಸೊಸೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್, ಮಗು ಸೋಫಾದ ಮೇಲೆ ಕೂತು ಸ್ಕೂಲು. ನಾನು ಮಾತ್ರ ಯಾವ ಪರದೆಗೂ ಬೇಡದವನಾಗಿ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ಸೊಸೆ ಎರಡು ಮೀಟಿಂಗ್‌ಗಳ ನಡುವೆ ಕಾಫಿಗೆ ಬಂದವಳು, ನಿಮ್ಮ ಥೀಸಿಸ್ ಯಾವುದರ ಮೇಲೆ ಮಾವ ಎಂದು ಕೇಳಿದಳು. ಹೇಳಿದೆ. ಹಾಗಾದರೆ ಆ ಗವರ್ನರ್ ಬೆಳಗ್ಗೆ ಎದ್ದು ಏನು ಮಾಡುತ್ತಾರೆ ಎಂದಳು. ಅಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಾನು ಶುರು ಮಾಡಿದೆ. ಅವಳು ಮುಂದಿನ ಮೀಟಿಂಗಿಗೆ ಕ್ಯಾಮೆರಾ ಆಫ್ ಮಾಡಿ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನನ್ನ ಮಾತು ಕೇಳಿದಳು. ರಾಜ್ಯಪಾಲರೂ ಅರಸರ ಸಮ್ಮೇಳನದ ಸದಸ್ಯರೇ, ಆದರೆ ದೊರೆಯನ್ನು ಆರಿಸುವ ಹೊತ್ತಿಗೆ ಆ ನಾಲ್ವರಿಗೆ ಅಲ್ಲಿ ಜಾಗವಿಲ್ಲ ಎಂದಾಗ ಅವಳಿಗೆ ನಿಜಕ್ಕೂ ಬೇಜಾರಾಯಿತು. ಹೊರಗೆ ಕಾಯುವಾಗ ಕಾಫಿಯನ್ನಾದರೂ ಕೊಡುತ್ತಾರಾ ಎಂದು ವಿಚಾರಿಸಿದಳು.

ಅಂದಿನಿಂದ ನಾನು ಆ ಮನೆಯ ಗವರ್ನರ್, ಅವಳು ಮುಖ್ಯಮಂತ್ರಿ. ಸಂಜೆ ಏನು ಅಡುಗೆ ಎಂದು ತೀರ್ಮಾನಿಸಿ ನನ್ನ ಮುಂದೆ ಬಂದು, ಮಂತ್ರಿಮಂಡಲ ಹುರುಳಿಕಾಯಿ ಪಲ್ಯಕ್ಕೆ ಶಿಫಾರಸು ಮಾಡಿದೆ ಎನ್ನುತ್ತಿದ್ದಳು. ನಾನು ಗಾಳಿಯಲ್ಲಿ ಅಂಕಿತ ಹಾಕುತ್ತಿದ್ದೆ. ಈಗಿನ ಹುಡುಗಿಯರು ಗಂಡನ ಅಪ್ಪನನ್ನೂ ಅಪ್ಪ ಎನ್ನುತ್ತಾರಲ್ಲ, ನೀನೂ ಹಾಗೇ ಕರೆಯಬಹುದು ಎಂದು ಒಮ್ಮೆ ಸಲುಗೆಯಿಂದ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು.

"ಅಪ್ಪ ನಂಗಿದಾರೆ ಮಾವ, ಬೆಂಗ್ಳೂರಲ್ಲಿ ಆರಾಮಾಗಿದಾರೆ. ಅಮ್ಮಂಗೆ ಅಣ್ಣ ತಮ್ಮ ಯಾರೂ ಇಲ್ಲ, ಮಾವ ಅನ್ನೋ ಪೋಸ್ಟೇ ಖಾಲಿ ಇತ್ತು. ಅದಕ್ಕೇ ನಿಮ್ಮನ್ನ ಅಪಾಯಿಂಟ್ ಮಾಡಿರೋದು."

ಮಗಳಿಲ್ಲದ ನನಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಅದರೊಳಗೆ ಏನಿದೆ ಎಂದು ಬಿಡಿಸಿ ನೋಡಲು ಹೋಗಲಿಲ್ಲ.

ಯುಗಾದಿಗೆ ನಮ್ಮ ಮನೆಯ ಹೊಸ ಪದ್ಧತಿ ಶುರುವಾಯಿತು. ಜಾರ್ಜಿಯಾದಲ್ಲಿ ಯುಗಾದಿಯ ಹೊತ್ತಿಗೆ ಪೈನ್ ಮರಗಳ ಹಳದಿ ಪರಾಗ ಉದುರಿ ಕಾರು, ಡೆಕ್ಕು, ಮೆಟ್ಟಿಲು ಎಲ್ಲ ಅರಿಶಿನ ಚೆಲ್ಲಿದ ಹಾಗಿರುತ್ತದೆ. ಸೀನಿಕೊಂಡೇ ಬೇವು ಬೆಲ್ಲ ತಿಂದೆವು, ಬೇವು ಇಂಡಿಯನ್ ಸ್ಟೋರಿನ ಪುಡಿ. ಆಮೇಲೆ ಸೊಸೆ ಒಂದು ಪ್ರಿಂಟ್ ಮಾಡಿದ ಹಾಳೆ ನನ್ನ ಕೈಗಿತ್ತು, ರಾಜ್ಯಪಾಲರ ಭಾಷಣ ಎಂದಳು. ನಮ್ಮ ಕಡೆ ಗೊತ್ತಿರುವುದೇ: ವರ್ಷಕ್ಕೊಮ್ಮೆ ರಾಜ್ಯಪಾಲರು ಸದನಕ್ಕೆ ಬಂದು ಸರ್ಕಾರ ಬರೆದುಕೊಟ್ಟದ್ದನ್ನು ಓದುತ್ತಾರೆ. ಪ್ರತಿ ವಾಕ್ಯವೂ 'ನನ್ನ ಸರ್ಕಾರ' ಎಂದೇ ಶುರುವಾಗಬೇಕು. ನಾನು ಶಾಲು ಹೊದ್ದು, ಗಂಟಲು ಸರಿಮಾಡಿಕೊಂಡು ಓದಿದೆ. ನನ್ನ ಸರ್ಕಾರವು ಗ್ಯಾರೇಜನ್ನು ಸ್ವಚ್ಛಗೊಳಿಸುವ ಭರವಸೆ ಈಡೇರದ್ದಕ್ಕೆ ವಿಷಾದಿಸುತ್ತದೆ. ನನ್ನ ಸರ್ಕಾರವು ಡಿಶ್‌ವಾಷರ್ ಖಾತೆಯನ್ನು ಮಹಡಿ ಕ್ಷೇತ್ರದ ಮಾನ್ಯ ಸದಸ್ಯರಿಗೆ ವಹಿಸಿದೆ. ನನ್ನ ಸರ್ಕಾರವು ಯಾವುದೇ ಕಾರಣಕ್ಕೂ ನಾಯಿ ಸಾಕುವುದಿಲ್ಲ. ಮೊಮ್ಮಗಳು ನಾಯಿಯ ವಿಷಯಕ್ಕೆ ಸಭಾತ್ಯಾಗ ಮಾಡಿದಳು. ಮಾನ್ಯ ಸದಸ್ಯನಾದ ನನ್ನ ಮಗ ಮೇಜು ಕುಟ್ಟಿ ನಕ್ಕ. ಹೆಂಡತಿ ಹೋದ ಮೇಲೆ ನಾನು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ವಿಮಾನಗಳು ಮತ್ತೆ ಹಾರಿದರೂ ನಾನು ಹೋಗಲಿಲ್ಲ. ಮಗ ಸಿಟಿಜನ್ ಆಗಿದ್ದರಿಂದ ನನಗೆ ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದ, ಬಂತು. ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಸಾಮಾನುಗಳನ್ನು ಹಂಚಿದೆ. ಅದರಲ್ಲಿ ನನಗೆ ದುಃಖವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಹಗುರವಾಯಿತು. ನನಗೆ ಇರಲು ಒಂದು ಮನೆ, ಕೂರಲು ಒಂದು ಪದವಿ, ಮಾತಾಡಲು ಒಬ್ಬ ಸೊಸೆ ಸಿಕ್ಕಿದ್ದಳು. ಸಂಜೆ ನಾವಿಬ್ಬರೂ ಬಡಾವಣೆಯ ಕೊಳದ ಸುತ್ತ ವಾಕ್ ಹೋಗುತ್ತಿದ್ದೆವು. ಅವಳ ಆಫೀಸಿನ ರಾಜಕೀಯವನ್ನು ನಾನು ಸಂವಿಧಾನದ ಭಾಷೆಯಲ್ಲಿ ವ್ಯಾಖ್ಯಾನಿಸುತ್ತಿದ್ದೆ. ಅವಳ ಮ್ಯಾನೇಜರ್ ವಿರುದ್ಧ ಅವಿಶ್ವಾಸ ನಿರ್ಣಯ ಎಷ್ಟೋ ಸಲ ಆ ಕೊಳದ ಬೆಂಚಿನ ಮೇಲೇ ಪಾಸಾಗಿದೆ.

ಮೂರನೆಯ ಯುಗಾದಿಯ ಭಾಷಣದಲ್ಲಿ ಮಗ ಮೇಜು ಕುಟ್ಟಲಿಲ್ಲ, ಫೋನ್ ನೋಡುತ್ತಿದ್ದ. ಏನೋ ಆಫೀಸಿನ ತಲೆನೋವೆಂದುಕೊಂಡೆ. ನಾಲ್ಕನೆಯ ಯುಗಾದಿಯಂದು ಊಟವಾದ ಮೇಲೆ ನಾನು ಶಾಲು ಹೊದ್ದು ಕುರ್ಚಿಯಲ್ಲಿ ಸಿದ್ಧವಾಗಿ ಕೂತೆ. ಸೊಸೆ ಬಟ್ಟಲುಗಳನ್ನು ತೆಗೆದಿಡುತ್ತ, ಈ ವರ್ಷ ಬೇಡ ಮಾವ, ಬರೆಯಲಿಲ್ಲ ಎಂದಳು. ಟೈಮ್ ಸಿಗಲಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಮಗ ಎದ್ದು ಮಹಡಿಗೆ ಹೋದ. ನಾನು ಶಾಲು ಮಡಚಿಟ್ಟೆ. ಬರೆದುಕೊಡಲು ಸರ್ಕಾರವೇ ಇಲ್ಲ ಎನ್ನುವುದು ನನಗೆ ಅಲ್ಲೇ ಅರ್ಥವಾಗಬೇಕಿತ್ತು, ಆದರೆ ಅರ್ಥವಾಗುವುದು ನನಗೆ ಬೇಕಿರಲಿಲ್ಲ.

ಒಂದೆರಡು ವಾರ ಕಳೆದು ಶನಿವಾರ ಬೆಳಗ್ಗೆ ಇಬ್ಬರೂ ಬಂದು ನನ್ನ ಎದುರು ಕೂತರು. ಮಗುವನ್ನು ಸ್ನೇಹಿತೆಯ ಮನೆಗೆ ಕಳಿಸಿದ್ದರು. ಮಗ ಇಂಗ್ಲಿಷಿನಲ್ಲಿ ಶುರು ಮಾಡಿದ. ಅವನು ಕಷ್ಟದ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲೇ ಆಡುವುದು. ತಾವಿಬ್ಬರೂ ಬೇರೆಯಾಗಲು ನಿರ್ಧರಿಸಿದ್ದೇವೆ, ಜಗಳವೇನಿಲ್ಲ, ಮಗುವಿನ ವಿಷಯ ಮಾತಾಡಿ ಮುಗಿಸಿದ್ದೇವೆ, ಮನೆ ಮಾರುತ್ತೇವೆ, ಅವನಿಗೆ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ಗೆ ವರ್ಗ ಸಿಗುತ್ತದೆ, ನಾನು ಅವನ ಜೊತೆ. ಎಲ್ಲ ತೀರ್ಮಾನವಾಗಿತ್ತು. ನನ್ನ ಬ್ಲೆಸಿಂಗ್ ಬೇಕು ಎಂದ. ಸೊಸೆ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ನನ್ನ ಪ್ರಬಂಧದ ಐದನೆಯ ಅಧ್ಯಾಯದಲ್ಲಿ ಒಂದು ಮಾತಿದೆ. ಆ ನಾಲ್ವರು ರಾಜ್ಯಪಾಲರು ಎಷ್ಟೇ ಶಕ್ತಿಹೀನರಾದರೂ ತಮ್ಮ ವಿವೇಚನೆಯಿಂದ ಮಾಡಬಹುದಾದ ಎರಡು ಕೆಲಸಗಳಿವೆ. ಬಹುಮತ ಯಾರಿಗಿದೆಯೆಂದು ನೋಡಿ ಮುಖ್ಯಮಂತ್ರಿಯನ್ನು ನೇಮಿಸುವುದು ಒಂದು. ಅವಧಿಗೆ ಮೊದಲೇ ಸದನ ವಿಸರ್ಜಿಸಿ ಎಂದು ಕೋರಿಕೆ ಬಂದರೆ ಒಪ್ಪದಿರುವುದು ಇನ್ನೊಂದು. ನಮ್ಮ ಭಾಷೆಯಲ್ಲಿ ಶಾಸನಸಭೆಗೂ ಮನೆಯೆಂದೇ ಹೆಸರು, ಮೇಲ್ಮನೆ, ಕೆಳಮನೆ ಎನ್ನುತ್ತೇವೆ. ಬರೆಯುವಾಗ ಅದು ನನಗೆ ಬರೀ ಪದ.

"ನಾನು ಒಪ್ಪೋದಿಲ್ಲ," ಎಂದೆ. "ಮನೆ ವಿಸರ್ಜನೆಗೆ ನನ್ನ ಒಪ್ಪಿಗೆ ಇಲ್ಲ."

"ಅಪ್ಪ, ದಿಸ್ ಈಸ್ ನಾಟ್ ಎ ಜೋಕ್."

"ನಾನು ಜೋಕ್ ಮಾಡ್ತಿಲ್ಲ ಕಣೋ. ನನ್ನ ಕೈಲಿರೋದು ಇದೊಂದೇ. ಇದನ್ನ ನಾನು ಬಳಸ್ತೀನಿ."

ನನ್ನ ಧ್ವನಿ ತರಗತಿಯ ಧ್ವನಿಯಾಗಿತ್ತು. ಹೊಡೆದಾಟವಿಲ್ಲ, ಕುಡಿತವಿಲ್ಲ, ಮೂರನೆಯವರಿಲ್ಲ, ಹಾಗಿದ್ದ ಮೇಲೆ ಯಾವ ಕಾರಣಕ್ಕೆ ಎಂದು ರೇಗಿದೆ. ದಸರಾ ಮುಗಿಯುವವರೆಗೆ ಏನೂ ಮಾಡಕೂಡದು ಎಂದೆ. ಅದು ಬರಿಯ ಹಟವಾಗಿತ್ತು, ಯಾವ ಕಾನೂನೂ ಅದರ ಹಿಂದಿರಲಿಲ್ಲ. ಆಶ್ಚರ್ಯವೆಂದರೆ ಅವರು ಒಪ್ಪಿದರು. ಇಬ್ಬರಿಗೂ ನನ್ನ ಮೇಲೆ ಅಷ್ಟು ಗೌರವವಿತ್ತು. ಈಗಲೂ ಯಾರಾದರೂ ಕೇಳಿದರೆ, ನಾನು ಬೇಡವೆಂದದ್ದು ಸರಿಯೇ ಎನ್ನುತ್ತೇನೆ. ಮನೆಯಲ್ಲಿ ಒಬ್ಬರಾದರೂ ಬೇಡ ಅನ್ನಬೇಕು.

ಆ ಬೇಸಿಗೆಯ ತಿಂಗಳುಗಳನ್ನು ಹೇಗೆ ಹೇಳಲಿ. ಮನೆ ಜಗಳದಿಂದ ಕೆಡುವುದನ್ನು ನೋಡಿದ್ದೇನೆ, ಮರ್ಯಾದೆಯಿಂದ ಕೆಡುವುದನ್ನು ನೋಡಿದ್ದು ಅದೇ ಮೊದಲು. ಉಪ್ಪು ದಾಟಿಸಿದ್ದಕ್ಕೆ ಥ್ಯಾಂಕ್ಯೂ, ಬಾಗಿಲು ಹಿಡಿದದ್ದಕ್ಕೆ ಥ್ಯಾಂಕ್ಯೂ. ಮಗ ಆಫೀಸ್ ಕೋಣೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದ, ಬೆಳಗ್ಗೆ ಮಗು ಏಳುವ ಮೊದಲು ಅದನ್ನು ಮಡಚಿಡುತ್ತಿದ್ದ. ನಾನು ನನ್ನ ಕೈಲಾದ ರಾಯಭಾರಗಳನ್ನೆಲ್ಲ ಮಾಡಿದೆ. ಮಗನಿಗೆ ಅವಳನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋಗು ಎಂದೆ. ಹೋದರು, ಬೇಗನೆ ಬಂದರು, ನನಗೆಂದು ಒಂದು ಪೊಟ್ಟಣ ಇಡ್ಲಿ ತಂದಿದ್ದರು. ಅವರಿಬ್ಬರೂ ಒಟ್ಟಿಗೆ ಮಾಡುತ್ತಿದ್ದ ಒಂದೇ ಕೆಲಸವೆಂದರೆ ನನಗೆ ಒಳ್ಳೆಯವರಾಗಿರುವುದು. ಕೆಲವು ಸಂಜೆ ಮಗ, ಅಪ್ಪ ನೀವು ಒಂದು ರೌಂಡ್ ವಾಕ್ ಹೋಗಿ ಬನ್ನಿ, ನಮ್ಮಿಬ್ಬರದು ಸ್ವಲ್ಪ ಮಾತಿದೆ ಎನ್ನುತ್ತಿದ್ದ. ಸಮ್ಮೇಳನದಿಂದ ಹೊರಬಿದ್ದ ಗವರ್ನರ್ ಕೊಳದ ಬೆಂಚಿನ ಮೇಲೆ ಒಬ್ಬನೇ ಕೂತು ಬಾತುಕೋಳಿಗಳನ್ನು ನೋಡುತ್ತಿದ್ದ.

ಸೊಸೆ ಇಳಿದುಹೋಗಿದ್ದಳು. ನಗುವಾಗಲೂ ಅವಳ ಕಣ್ಣು ಗಡಿಯಾರದ ಕಡೆ ಇರುತ್ತಿತ್ತು. ದಸರೆಗೆ ಇನ್ನೂ ಸ್ವಲ್ಪ ದಿನವಿದೆಯೆನ್ನುವಾಗ ಅವಳು ನನ್ನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ ವಾಪಸ್ ಬರುತ್ತಿದ್ದಳು. ಮನೆಯ ತಿರುವು ಬಂತು, ಅವಳು ತಿರುಗಿಸದೆ ಮುಂದೆ ಹೋಗಿ ಪಾರ್ಕಿನ ಪಕ್ಕ ಕಾರು ನಿಲ್ಲಿಸಿದಳು. ಕಣ್ಣಿಗೆ ಹಾಕಿದ್ದ ಔಷಧದಿಂದ ನನಗೆ ಎಲ್ಲ ಮಂಜಾಗಿ ಕಾಣುತ್ತಿತ್ತು. ಅವಳ ಮುಖ ಸರಿಯಾಗಿ ಕಾಣದೇ ಇದ್ದದ್ದು ಒಳ್ಳೆಯದೇ ಆಯಿತು.

ನಾನೇ ಕೇಳಿದೆ, ಅವನು ಅಷ್ಟು ಕೆಟ್ಟವನೇನಮ್ಮ ಎಂದು.

"ಅವ್ರು ಒಳ್ಳೇವ್ರೇ ಮಾವ. ನಂಗೆ ಕಂಪ್ಲೇಂಟೇ ಇಲ್ಲ. ಆದ್ರೆ ಆ ಮನೇಲಿ ನಾನು ಮಾತಾಡೋದು ನಿಮ್ಮ ಜೊತೆ ಮಾತ್ರ. ಅವ್ರು ಮಾತಾಡೋದೂ ನಿಮ್ಮ ಜೊತೆ ಮಾತ್ರ. ನೀವು ಬರೋದಕ್ಕೆ ಮುಂಚೆ ಎರಡು ವರ್ಷ ನಾವಿಬ್ರೂ ಸುಮ್ನೆ ಇದ್ವಿ. ನೀವು ಬಂದ್ರಿ, ಮನೆ ಅನ್ನಿಸ್ತು. ಇನ್ನು ನನ್ನ ಕೈಲಿ ಆಗಲ್ಲ."

ಆ ಮನೆಯ ನಗು, ಭಾಷಣ, ಹುರುಳಿಕಾಯಿಯ ಶಿಫಾರಸು ಎಲ್ಲ ಒಂದು ಕುಟುಂಬದ ಸುಖವೆಂದು ತಿಳಿದಿದ್ದೆ. ಅದು ನನ್ನ ಸುತ್ತ ಕಟ್ಟಿದ ಸಮಾರಂಭವಾಗಿತ್ತು. ಬಹುಮತ ನಾನು ಬರುವ ಮೊದಲೇ ಹೋಗಿತ್ತು. ವಿಶ್ವಾಸವೇ ಇಲ್ಲದ ಸದನವನ್ನು ರಾಜ್ಯಪಾಲರು ಹಿಡಿದಿಡಬಾರದು ಎಂದು ಐದನೆಯ ಅಧ್ಯಾಯದ ಕೊನೆಯಲ್ಲಿ ನಾನೇ ಬರೆದಿದ್ದೇನೆ, ಬಹಳ ಖಡಾಖಂಡಿತವಾಗಿ. ಬರೆಯುವುದು ಸುಲಭ.

"ಆಯ್ತಮ್ಮ," ಎಂದೆ. "ದಸರಾ ಗಿಸರಾ ಏನೂ ಬೇಡ. ನಾನು ಒಪ್ಪಿದೀನಿ."

ಅವಳು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ನನಗೂ ಅಳು ಬಂತು, ಔಷಧದ ನೆಪದಲ್ಲಿ ಒರೆಸಿಕೊಂಡೆ. ಮಗನ ಬಾಳು ಹಾಳಾಯಿತಲ್ಲ ಎಂದು ನಾನು ಅತ್ತದ್ದಲ್ಲ. ಅದನ್ನು ಮುಚ್ಚಿಡುವುದೇಕೆ? ನನ್ನನ್ನು ಒಂದು ಪ್ರಶ್ನೆ ಆ ಶನಿವಾರದಿಂದ ತಿನ್ನುತ್ತಿತ್ತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ಇದೆಲ್ಲ ಮುಗಿದ ಮೇಲೆ ನಾನು ನಿನಗೆ ಏನಾಗುತ್ತೇನೆ ಎಂದು.

"ಏನಾಗ್ತೀರಾ ಅಂದ್ರೆ? ಮಾವ. ನೀವು ಯಾವತ್ತಿದ್ರೂ ಮಾವಾನೇ."

ಅವಳು ಹಾಗೆ ಹೇಳುವಾಗ ಮನಸ್ಸಿನಿಂದಲೇ ಹೇಳಿದಳು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಷಾರ್ಲೆಟ್‌ನ ಬ್ಯಾಲಂಟೈನ್ ಕಡೆ ಮಗ ಒಂದು ಅಪಾರ್ಟ್‌ಮೆಂಟ್ ಹಿಡಿದ. ಎಲ್ಲ ಹೊಸದು, ಗೋಡೆಗಳಿಗೆ ಇನ್ನೂ ಬಣ್ಣದ ವಾಸನೆ. ಕಾರಿಲ್ಲದವನು ಹಾಲು ತರಲೂ ಹೋಗಲಾರ, ನಾನು ಬಾಲ್ಕನಿಯಲ್ಲಿ ಕೂತು ಕಾರುಗಳನ್ನು ನೋಡುತ್ತಿದ್ದೆ. ಮಗ ಒಳ್ಳೆಯ ಮಗ. ಬೆಳಗ್ಗೆ ನನ್ನ ಮಾತ್ರೆ ತೆಗೆದಿಟ್ಟು ಆಫೀಸಿಗೆ ಹೋಗುತ್ತಾನೆ, ಸಂಜೆ ಬಂದು ಊಟ ಆಯಿತಾ ಎಂದು ಕೇಳುತ್ತಾನೆ. ಆದರೆ ಮಾತು ಅವನಿಗೆ ದೇವರು ಕೊಟ್ಟಿಲ್ಲ. ಇಬ್ಬರೂ ಒಂದು ಸೋಫಾದಲ್ಲಿ ಕೂತು ಟಿವಿ ನೋಡುವಾಗ, ಅವಳು ಆ ಎರಡು ವರ್ಷ ಹೇಗೆ ಕಳೆದಿರಬಹುದು ಎನ್ನುವುದು ನನಗೆ ಚೆನ್ನಾಗಿ ತಿಳಿಯಿತು.

ಬಾಲ್ಕನಿಯಲ್ಲಿ ಕೂತೇ ನನಗೆ ನನ್ನ ವಿಷಯ ಮೊದಲ ಸಲ ಪೂರ್ತಿ ಅರ್ಥವಾದದ್ದು. ಅಪ್ಪ ಎನ್ನುವವನು ಆ ಒಂಬತ್ತು ಅರಸರ ಸಾಲಿನವನು. ಮಗ ಮಾತಾಡಲಿ ಬಿಡಲಿ, ನಾನು ಅವನಿಗೆ ಅಪ್ಪನೇ, ಅದು ರಕ್ತದಲ್ಲಿ ಬಂದದ್ದು, ಯಾರೂ ಕಿತ್ತುಕೊಳ್ಳಲಾರರು. ಮೊಮ್ಮಗಳಿಗೆ ತಾತ, ಅದೂ ಹಾಗೆಯೇ. ಮಾವ ಎನ್ನುವುದು ಮಾತ್ರ ನೇಮಕ. ಯಾರದೋ ಮದುವೆ ಅದನ್ನು ಕೊಟ್ಟಿರುತ್ತದೆ, ಅದು ಮುಗಿದಾಗ ತಾನಾಗಿ ಮುಗಿಯುತ್ತದೆ, ತೆಗೆದುಹಾಕಿದ ಆದೇಶವನ್ನೂ ಯಾರೂ ಕಳಿಸಬೇಕಿಲ್ಲ. ಮಲಾಕಾದ ರಾಜ್ಯಪಾಲರಿಗೆ ಅವಧಿಯಿರುವವರೆಗೆ ಜನ 'ಮಹಾಮಹಿಮರೇ' ಎನ್ನುತ್ತಾರೆ. ಮರುದಿನ ಅದೇ ಮನುಷ್ಯ, ಅದೇ ಮೀಸೆ, ಕರೆಯುವ ಹೆಸರು ಬೇರೆ. ನಾನು ಇದರ ಮೇಲೆ ಇಡೀ ಒಂದು ಅಧ್ಯಾಯ ಬರೆದೆ. ಅದು ಯಾರಿಗಾದರೂ ನೋಯುತ್ತದೆ ಎಂದು ಒಂದು ಸಾಲೂ ಬರೆದಿರಲಿಲ್ಲ.

ಅಮ್ಮನ ಜೊತೆ ಉಳಿದ ಮೊಮ್ಮಗಳನ್ನು ವಾರಾಂತ್ಯಕ್ಕೆ ನಮಗೆ ಒಪ್ಪಿಸುವುದು ನಡುದಾರಿಯಲ್ಲಿ, ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್ ಹತ್ತಿರದ ಒಂದು ಅಂಗಡಿಯ ಪಾರ್ಕಿಂಗಿನಲ್ಲಿ. ಶುಕ್ರವಾರ ಸಂಜೆ ಅವಳಮ್ಮ ಸುವಾನಿಯಿಂದ ಬರುತ್ತಿದ್ದಳು, ನಾವು ಷಾರ್ಲೆಟ್‌ನಿಂದ. ಮೊದಮೊದಲು ಅವಳು ಕಾರಿನಿಂದ ಇಳಿದು ಬಂದು ನನ್ನ ಕಿಟಕಿಯ ಬಳಿ ನಿಂತು ಮಾತಾಡುತ್ತಿದ್ದಳು, ಚಟ್ನಿಪುಡಿಯ ಡಬ್ಬ ಕೊಡುತ್ತಿದ್ದಳು, ಮಾವ ಬಿಪಿ ಎಷ್ಟಿದೆ ಎನ್ನುತ್ತಿದ್ದಳು. ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದಳು. ಮ್ಯಾನೇಜರ್ ಬದಲಾದ ಸುದ್ದಿಯನ್ನು ಸರ್ಕಾರ ಬಿದ್ದಿತು ಎಂದು ಹೇಳಿದಳು. ಫೋನು ಆಮೇಲೆ ಮೆಸೇಜ್ ಆಯಿತು. ಮೆಸೇಜು ಹಬ್ಬದ ದಿನದ ಚಿತ್ರವಾಯಿತು. ಪಾರ್ಕಿಂಗಿನಲ್ಲಿ ಕಾರಿನೊಳಗಿಂದಲೇ ಕೈಯಾಡಿಸುವುದು ಶುರುವಾಯಿತು. ಅವಳ ಮೇಲೆ ತಪ್ಪು ಹೊರಿಸಲಾರೆ. ಆ ಕಾರಿನಲ್ಲಿ ನನ್ನ ಪಕ್ಕ ಅವಳು ಬಿಟ್ಟು ಬಂದವನು ಕೂತಿರುತ್ತಿದ್ದ. ಪ್ರತಿ ಸಲವೂ ಅವಳು ಎಲ್ಲಿ ನೋಡಬೇಕು? ಹೀಗೆಂದು ನನಗೆ ನಾನೇ ಪಾಠ ಮಾಡಿಕೊಳ್ಳುತ್ತಿದ್ದೆ. ಪಾಠ ಅರ್ಥವಾಗುತ್ತಿತ್ತು, ಸಮಾಧಾನವಾಗುತ್ತಿರಲಿಲ್ಲ.

ಕಳೆದ ವರ್ಷ ಮೊಮ್ಮಗಳ ಭಾನುವಾರದ ಕನ್ನಡ ತರಗತಿಯ ವಾರ್ಷಿಕೋತ್ಸವ ಸುವಾನಿಯಲ್ಲಿ ನಡೆಯಿತು. ಅವಳು ವೇದಿಕೆಯ ಮೇಲೆ ಕನ್ನಡದಲ್ಲಿ ಐದು ನಿಮಿಷ ಮಾತಾಡಬೇಕಿತ್ತು. ವಿಷಯ 'ನನ್ನ ತಾತ'. ಫೋನಿನಲ್ಲಿ ನನಗೆ ಓದಿ ತೋರಿಸುವಾಗ 'ರಾಜ್ಯಪಾಲ' ಎನ್ನುವುದನ್ನು ಅಮೆರಿಕದ ನಾಲಿಗೆಯಲ್ಲಿ ಹೊರಳಿಸಿ, "ತಾತ, ಈಸ್ ದಟ್ ರೈಟ್?" ಎಂದು ಕೇಳಿದ್ದಳು. ನಾನು ಹೋಗಲೇಬೇಕೆಂದೆ. ಬಹಳ ತಿಂಗಳ ಮೇಲೆ ಅವಳಮ್ಮನನ್ನೂ ಎದುರೆದುರು ನೋಡುವುದಿತ್ತು. ಬಿಳಿಯ ಅಂಗಿಯನ್ನು ನಾನೇ ಇಸ್ತ್ರಿ ಮಾಡಿದೆ. ಕಾರಿನಲ್ಲಿ ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ. ಕೊಳದ ಬಾತುಕೋಳಿಗಳ ವಿಷಯ, ಷಾರ್ಲೆಟ್‌ನ ಕೆಟ್ಟ ಕಾಫಿಯ ವಿಷಯ, ಅವಳ ಹೊಸ ಮ್ಯಾನೇಜರ್ ಕುರಿತು ಎರಡು ಪ್ರಶ್ನೆ.

ಸಭಾಂಗಣದ ಬಾಗಿಲಲ್ಲಿ ನನ್ನನ್ನು ಇಳಿಸಿ ಮಗ ಪಾರ್ಕ್ ಮಾಡಲು ಹೋದ. ಒಳಗೆ ಗದ್ದಲ, ಮಕ್ಕಳು, ರೇಷ್ಮೆ ಲಂಗಗಳು, ಪುಳಿಯೋಗರೆಯ ವಾಸನೆ. ಕುರ್ಚಿಗಳೆಲ್ಲ ತುಂಬಿದ್ದವು, ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ಮೊಮ್ಮಗಳ ಅಮ್ಮ ನನ್ನನ್ನು ದೂರದಿಂದಲೇ ನೋಡಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ನನಗೆ ನಿಜವಾಗಿ ಸಂತೋಷವಾಯಿತು. ಅವಳ ಹಿಂದೆ ಒಬ್ಬರು ಬಂದರು, ಕನ್ನಡಕದ, ಸೌಮ್ಯ ಮುಖದ ಮನುಷ್ಯ. ಅವರ ವಿಷಯ ಮೊಮ್ಮಗಳು ಮೊದಲೇ ಹೇಳಿದ್ದಳು. ಅವರು ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಚೆನ್ನಾಗಿರಪ್ಪ ಎಂದೆ, ಮನಸಾರೆ ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಎಷ್ಟು ಹೊತ್ತಿಗೆ ಹೊರಟಿರಿ, ದಾರಿಯಲ್ಲಿ ಏನಾದರೂ ತಿಂದಿರಾ ಎಂದೆಲ್ಲ ಕೇಳಿದಳು. ನಾನು ಒಂದೊಂದಕ್ಕೂ ಉತ್ತರ ಹೇಳುತ್ತ, ಅವಳು ನನ್ನನ್ನು ಕರೆಯುವುದನ್ನೇ ಕಾಯುತ್ತಿದ್ದೆ. ವಾಕ್ಯಗಳೆಲ್ಲ ಕರೆಯುವ ಪದವಿಲ್ಲದೆಯೇ ಮುಗಿಯುತ್ತಿದ್ದವು. ಮೈಕಿನಲ್ಲಿ ಮೊಮ್ಮಗಳ ಹೆಸರು ಕೂಗಿದರು. ಅವಳಮ್ಮ ವೇದಿಕೆಯ ಕಡೆ ಹೆಜ್ಜೆ ಹಾಕಿದವಳು ನಾನು ನಿಂತೇ ಇದ್ದದ್ದನ್ನು ನೋಡಿ, ಕನ್ನಡಕದವರ ಕಡೆ ತಿರುಗಿದಳು.

"ಅಂಕಲ್‌ಗೆ ಒಂದು ಚೇರ್ ತಂದ್ಕೊಡ್ತೀರಾ? ಪಾಪ, ನಿಂತಿದಾರೆ."

ಯಾರೋ ವಯಸ್ಸಾದವರು ನಿಂತಿರಬೇಕೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು.